ಫಿಲಡೆಲ್ಫಿಯಾದ ಪೊಟ್ಟಣದಲ್ಲಿ ದನದ ಮದ್ದು: 'ಜೋಂಬಿ ಡ್ರಗ್' ವಿಡಿಯೊ ನೋಡಿ ನಗುವವರಿಗೆ

ತುಂಗಾತೀರದ ನರ್ಸ್ (ಚರ್ಚೆ ಶುರು ಮಾಡಿದವರು)

ನಾನು ಫಿಲಡೆಲ್ಫಿಯಾದ ಒಂದು ಆಸ್ಪತ್ರೆಯ ಐಸಿಯುನಲ್ಲಿ ನರ್ಸ್. ಹುಟ್ಟೂರು ಶಿವಮೊಗ್ಗದ ಕಡೆ. ಮೊನ್ನೆ ಈ ವೇದಿಕೆಯಲ್ಲಿ ಯಾರೋ ನಮ್ಮ ನಗರದ ಕೆನ್ಸಿಂಗ್ಟನ್ ಅವೆನ್ಯೂ ರಸ್ತೆಯ ವಿಡಿಯೊ ಹಾಕಿದ್ದರು. ಜನ ನಿಂತಲ್ಲೇ ಸೊಂಟ ಬಗ್ಗಿಸಿ, ತಲೆ ಮೊಣಕಾಲಿನ ತನಕ ಜೋತು ಬಿದ್ದು, ಆದರೂ ಬೀಳದೆ ನಿಂತಿರುವ ವಿಡಿಯೊ. ಕೆಳಗೆ ಬರೀ ನಗುವ ಎಮೋಜಿಗಳು. ಅಲ್ಲೇ ಉತ್ತರ ಬರೆಯಲು ಕೂತೆ, ಉದ್ದವಾಯಿತು. ಅದಕ್ಕೇ ಬೇರೆ ಚರ್ಚೆ ತೆರೆದಿದ್ದೇನೆ.

ಆ ಜನ ಏನು ತಗೊಂಡಿದ್ದಾರೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಮಾರಿದ ಹುಡುಗನಿಗೂ ಪೂರ್ತಿ ಗೊತ್ತಿರುವುದಿಲ್ಲ. ಇಲ್ಲಿನ ಬೀದಿಯಲ್ಲಿ ಅದರ ಹೆಸರು 'ಡೋಪ್'. ಒಂದು ಕಾಲಕ್ಕೆ ಡೋಪ್ ಅಂದ್ರೆ ಹೆರಾಯಿನ್. ಆಮೇಲೆ ಫೆಂಟನಿಲ್ ಬಂತು. ಬೆಲ್ಜಿಯಂನ ಪಾಲ್ ಜಾನ್ಸೆನ್ 1960ರ ಸುಮಾರಿಗೆ ತಯಾರಿಸಿದ ನೋವಿನ ಔಷಧಿ ಅದು. ಆಪರೇಷನ್ ಥಿಯೇಟರಿನಲ್ಲಿ ಈಗಲೂ ದಿನಾ ಬಳಸುತ್ತಾರೆ, ನಾನೂ ಎಷ್ಟೋ ಜನರಿಗೆ ಕೊಟ್ಟಿದ್ದೇನೆ. ಹೆರಾಯಿನ್‌ಗಿಂತ ಸುಮಾರು 50 ಪಟ್ಟು ಜೋರು. ಕಳ್ಳಸಾಗಣೆ ಮಾಡುವವನಿಗೆ ಇದರಷ್ಟು ಅನುಕೂಲದ ಮಾಲು ಇಲ್ಲ. ಗಸಗಸೆ ಹೊಲ ಬೇಡ, ಮಳೆ ಬೇಡ, ಒಂದು ಸಣ್ಣ ಪ್ಯಾಕೆಟ್ಟಿನಲ್ಲಿ ಊರಿಗಾಗುವಷ್ಟು ಸಾಗಿಸಬಹುದು.

ಆದರೆ ಫೆಂಟನಿಲ್ ಬೇಗ ಇಳಿಯುತ್ತದೆ. ಕೆಲವೇ ಗಂಟೆಗೆ ಮತ್ತೆ ಬೇಕು ಅನ್ನಿಸುತ್ತದೆ. ಅಮಲು ಜಾಸ್ತಿ ಹೊತ್ತು ಹಿಡಿದಿಡಲಿ ಅಂತ, ಪ್ರಾಣಿಗಳಿಗೆ ಮಂಪರು ಬರಿಸುವ ಜೈಲಜಿನ್ ಬೆರೆಸಲು ಶುರು ಮಾಡಿದರು. ಇದು 1962ರಲ್ಲಿ ಜರ್ಮನಿಯ ಬೇಯರ್ ಕಂಪನಿ ತಯಾರಿಸಿದ್ದು. ಮನುಷ್ಯರ ಮೇಲೂ ನೋಡಿದರು. ಬಿಪಿ ತುಂಬಾ ಕುಸಿಯುತ್ತದೆ ಅಂತ ಕೈಬಿಟ್ಟರು. ಅವತ್ತಿನಿಂದ ಇದು ಪಶುವೈದ್ಯರ ಮದ್ದು ಮಾತ್ರ. 2000ದ ನಂತರ ಪೋರ್ಟೊರಿಕೊ ದ್ವೀಪದಲ್ಲಿ ಹೆರಾಯಿನ್ ಜೊತೆ ಕಾಣಿಸಿಕೊಂಡಿತು. ಅಲ್ಲಿಗೂ ಫಿಲಡೆಲ್ಫಿಯಾಕ್ಕೂ ಜನರ ಓಡಾಟ ಹಳೆಯದು, ಹಾಗೆ ಇಲ್ಲಿಗೂ ಬಂತು. ಬೆಲೆ ಕೇಳಿದರೆ ಸಿಟ್ಟು ಬರುತ್ತದೆ. ಚೀನಾದಿಂದ ಆನ್‌ಲೈನ್‌ನಲ್ಲಿ ಕಿಲೋಗೆ 6ರಿಂದ 20 ಡಾಲರ್‌ಗೆ ಸಿಗುತ್ತದೆ ಎಂದು ಇಲ್ಲಿನ ಮಾದಕವಸ್ತು ನಿಯಂತ್ರಣ ಸಂಸ್ಥೆ ಡಿಇಎ ಹೇಳಿತ್ತು. 2022ರಲ್ಲಿ ಈ ಒಂದು ನಗರದಲ್ಲೇ ಓವರ್‌ಡೋಸ್‌ಗೆ 1,413 ಜನ ಸತ್ತರು.

2023ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಜೈಲಜಿನ್ ಅನ್ನು ನಿಯಂತ್ರಿತ ಔಷಧಿಗಳ ಪಟ್ಟಿಗೆ ಸೇರಿಸಿತು. ಒಳ್ಳೆಯದೇ ಅನ್ನಿಸಿತು. 2024ರ ಬೇಸಿಗೆಗೆ ಪೊಟ್ಟಣದಲ್ಲಿ ಹೊಸ ಅತಿಥಿ: ಮೆಡೆಟೊಮಿಡಿನ್. ಇದೂ ಪಶುವೈದ್ಯರದ್ದೇ, ಅದೇ ಜಾತಿಯ ಮದ್ದು, ಆದರೆ ಜೈಲಜಿನ್‌ಗಿಂತ ಎಷ್ಟೋ ಪಟ್ಟು ಜೋರು. ನಗರದಲ್ಲಿ ಪರೀಕ್ಷೆ ಮಾಡಿದ ಡೋಪ್ ಸ್ಯಾಂಪಲ್ಲುಗಳಲ್ಲಿ 2024ರ ಮೇ ತಿಂಗಳಲ್ಲಿ ಶೇ 29ರಷ್ಟರಲ್ಲಿ ಮೆಡೆಟೊಮಿಡಿನ್ ಇತ್ತು. ನವೆಂಬರ್‌ಗೆ ಶೇ 87. ಅದೇ ಆರು ತಿಂಗಳಲ್ಲಿ ಜೈಲಜಿನ್ ಶೇ 97ರಿಂದ 42ಕ್ಕೆ ಇಳಿಯಿತು.

ಇದರಿಂದ ನಮ್ಮ ವಾರ್ಡಿನಲ್ಲಿ ಏನಾಯಿತು ಅಂತ ಹೇಳುತ್ತೇನೆ. ಮೊದಲೆಲ್ಲ ಓವರ್‌ಡೋಸ್ ಆದವರು ತುರ್ತು ವಿಭಾಗದಿಂದಲೇ ಮನೆಗೆ ಹೋಗುತ್ತಿದ್ದರು. ಹೆರಾಯಿನ್, ಫೆಂಟನಿಲ್ ಥರದ್ದರ ಅಮಲು ಇಳಿಸುವ ಮದ್ದು ನಲೋಕ್ಸೋನ್ ಕೊಟ್ಟರೆ ಎದ್ದು ಕೂತು ನಮಗೇ ಬೈಯುತ್ತಿದ್ದರು. ಈಗ ಬರುವವರ ನಾಡಿ ಮೊದಲು ನಲವತ್ತರ ಆಸುಪಾಸು. ನಲೋಕ್ಸೋನ್ ಜೈಲಜಿನ್‌ಗೂ ಮೆಡೆಟೊಮಿಡಿನ್‌ಗೂ ನಾಟುವುದಿಲ್ಲ, ಹಾಗಾಗಿ ಉಸಿರು ಸರಿಯಾದರೂ ಕಣ್ಣು ಬಿಡುವುದಿಲ್ಲ. ಮದ್ದು ಇಳಿಯುತ್ತಿದ್ದ ಹಾಗೆ ಎಲ್ಲ ಉಲ್ಟಾ. ನಾಡಿ 150 ದಾಟುತ್ತದೆ, ಬಿಪಿ ಮೇಲಿನ ಅಂಕಿ 200 ಮೀರುತ್ತದೆ. ಮೈಯೆಲ್ಲ ಬೆವರು, ಕೈ ನಡುಕ. ನೀರು ಕುಡಿಸಿದರೆ ಅದೂ ವಾಂತಿ. ಒಬ್ಬ ಹುಡುಗನ ಹಾಸಿಗೆ ಕಂಬಿ ಟಕಟಕ ಬಡಿಯುತ್ತಿತ್ತು, ಅಷ್ಟು ನಡುಕ. 2024ರ ಸೆಪ್ಟೆಂಬರ್‌ನಿಂದ 2025ರ ಜನವರಿಯವರೆಗೆ ನಗರದ ಮೂರು ಆಸ್ಪತ್ರೆ ಸಮೂಹಗಳಲ್ಲಿ ಇಂಥ 165 ರೋಗಿಗಳನ್ನು ಲೆಕ್ಕ ಹಾಕಿದರು. ಅದರಲ್ಲಿ 150 ಜನ ಐಸಿಯುಗೆ ಬಂದರು. 39 ಜನರಿಗೆ ಉಸಿರಾಟದ ನಳಿಕೆ ಹಾಕಬೇಕಾಯಿತು.

ಇವರಿಗೆ ನಾವು ಡ್ರಿಪ್‌ನಲ್ಲಿ ಕೊಡುವುದು ಡೆಕ್ಸ್‌ಮೆಡೆಟೊಮಿಡಿನ್. ಪೊಟ್ಟಣದಲ್ಲಿ ಬೆರೆಸಿದ್ದ ಮೆಡೆಟೊಮಿಡಿನ್‌ನಲ್ಲಿ ಕೆಲಸ ಮಾಡುವ ಅರ್ಧ ಭಾಗವೇ ಅದು. ಕಳ್ಳ ಮಾಲಿನಿಂದ ಬಂದ ಕಾಯಿಲೆಗೆ ಅದೇ ಮಾಲನ್ನು ಅಳತೆ ಮಾಡಿ ಕೊಟ್ಟು, ನಿಧಾನಕ್ಕೆ ಇಳಿಸುತ್ತೇವೆ.

ಬಾಗಿ ನಿಂತವರನ್ನು ನೋಡಿ ನಕ್ಕವರಿಗೆ ಇಷ್ಟೇ ಹೇಳಬೇಕಿತ್ತು. ಪ್ರಶ್ನೆ ಇದ್ದರೆ ಕೇಳಿ. ನೈಟ್ ಡ್ಯೂಟಿ ಮುಗಿದ ಮೇಲೆ ಉತ್ತರಿಸುತ್ತೇನೆ.

ಗೋವೈದ್ಯ, ಹಾಸನ

ಮೇಡಂ, ನಿಮ್ಮ ಬರಹ ಓದಿ ನನ್ನ ಬ್ಯಾಗ್ ತೆಗೆದು ನೋಡಿದೆ. ಜೈಲಜಿನ್ ಬಾಟಲಿ ಅಲ್ಲೇ ಇದೆ. ನಮಗೆ ಇದು ದಿನನಿತ್ಯದ ಮದ್ದು. ಬೇಲಿ ತಂತಿಗೆ ಸಿಕ್ಕಿ ಕೆಚ್ಚಲು ಹರಿದುಕೊಂಡ ಹಸುವಿಗೆ ಹೊಲಿಗೆ ಹಾಕಬೇಕು, ಕೊಂಬು ಮುರಿದಿದೆ, ಹತ್ತಿರ ಹೋದರೆ ಒದೆಯುತ್ತದೆ ಅಂದಾಗ ಇದೇ ಗತಿ.

ಇಲ್ಲಿನವರಿಗೆ ಗೊತ್ತಿರಲಿ ಅಂತ ಹೇಳುತ್ತೇನೆ. ಒಂದೇ ಮದ್ದು ಒಂದೊಂದು ಪ್ರಾಣಿಗೆ ಒಂದೊಂದು ಥರ. ಕುದುರೆಗೆ ಕೊಡುವುದರ ಹತ್ತನೇ ಒಂದು ಭಾಗ ಸಾಕು, ಹಸು ಕುಸಿದು ಮಲಗುತ್ತದೆ. ಕುದುರೆ ಲೆಕ್ಕದಲ್ಲಿ ಹಸುವಿಗೆ ಚುಚ್ಚಿದರೆ ಕಥೆ ಮುಗಿಯಿತು. ಗಬ್ಬದ ಹಸುವಿಗೆ ಕೊನೆಯ ತಿಂಗಳಲ್ಲಿ ಕೊಡುವುದಿಲ್ಲ, ಕಂದು ಹಾಕುವ ಭಯ. ಕೊಟ್ಟ ಮೇಲೆ ಜೊಲ್ಲು ಸುರಿಯುತ್ತದೆ, ಹೊಟ್ಟೆ ಉಬ್ಬರಿಸಬಹುದು, ರಕ್ತದಲ್ಲಿ ಸಕ್ಕರೆ ಏರುತ್ತದೆ. ತೂಕ ಅಂದಾಜು ಮಾಡಿ, ಸಿರಿಂಜಿನಲ್ಲಿ ಅಳೆದು, ಪಕ್ಕದಲ್ಲೇ ನಿಂತು ಕಾಯುವ ಮದ್ದು ಇದು. ಅದನ್ನು ಯಾರೋ ಕಣ್ಣಳತೆಯಲ್ಲಿ ಬೆರೆಸಿ, ಯಾರಿಗೋ ಮಾರುತ್ತಾರೆ ಅಂದರೆ ಏನು ಹೇಳೋದು.

ನಮ್ಮ ಸಕಲೇಶಪುರ, ಆಲೂರು ಕಡೆ ಕಾಡಾನೆ ಹಿಡಿಯುವಾಗ ಡಾರ್ಟ್‌ನಲ್ಲಿ ಹೋಗುವುದೂ ಜೈಲಜಿನ್ನೇ, ಕೆಟಮಿನ್ ಜೊತೆ. ಆನೆ ಲಾರಿ ಹತ್ತಿದ ಮೇಲೆ ಎಬ್ಬಿಸಲು ಯೋಹಿಂಬಿನ್ ಅಥವಾ ಅಟಿಪಮೆಜೋಲ್ ಅಂತ ವಿರುದ್ಧ ಮದ್ದು ಇದೆ. ಚುಚ್ಚಿದ ಕೆಲವು ನಿಮಿಷಕ್ಕೆ ಕಿವಿ ಅಲ್ಲಾಡಿಸುತ್ತದೆ. ಅದನ್ನೇ ಮನುಷ್ಯರಿಗೆ ಯಾಕೆ ಕೊಡಬಾರದು?

ತುಂಗಾತೀರದ ನರ್ಸ್

ಡಾಕ್ಟ್ರೇ, ನಮ್ಮಲ್ಲಿ ಹೊಸ ಡಾಕ್ಟರುಗಳೂ ಇದನ್ನೇ ಕೇಳುತ್ತಾರೆ. ಅಟಿಪಮೆಜೋಲ್ ಅನ್ನು ಮನುಷ್ಯರಿಗೆ ಕೊಡಲು ಇಲ್ಲಿ ಅನುಮತಿ ಇಲ್ಲ. ಅದರ ಮೇಲೆ, ದಿನಾ ತಗೊಂಡು ಮೈ ಒಗ್ಗಿ ಹೋದವರಿಗೆ ತಟ್ಟನೆ ಅದನ್ನು ಕಿತ್ತರೆ ನಾನು ಮೇಲೆ ಹೇಳಿದ ನಡುಕ, ಬಿಪಿ ಎಲ್ಲ ಒಂದೇ ಸಲ ಬಂದು ಬಡಿಯುತ್ತದೆ. ನಿಮ್ಮ ಆನೆಗೆ ಮದ್ದು ಹೋಗುವುದು ಆ ಒಂದು ದಿನ. ಇವರಿಗೆ ದಿನಕ್ಕೆ ಐದಾರು ಸಲ, ತಿಂಗಳುಗಟ್ಟಲೆ.

ಗಾಯದ ವಿಷಯ ಬಿಟ್ಟೇ ಹೋಯಿತು. ಜೈಲಜಿನ್ ಕಾಲದ ದೊಡ್ಡ ನರಕ ಅದು. ಮುಂಗೈ, ಮೊಣಕಾಲ ಕೆಳಗೆ ಚರ್ಮ ಕಪ್ಪಾಗಿ ಸತ್ತು, ಒಳಗಿನ ಮಾಂಸ, ಕೆಲವರಿಗೆ ಮೂಳೆ ಕಾಣುವವರೆಗೆ. ಸೂಜಿ ಚುಚ್ಚಿದ ಜಾಗದಲ್ಲೇ ಆಗಬೇಕು ಅಂತಿಲ್ಲ. ವಾಸನೆಗೆ ನಾಚಿ ಆಸ್ಪತ್ರೆಗೆ ಬರುವುದಿಲ್ಲ, ಬಟ್ಟೆ ಸುತ್ತಿಕೊಂಡು ಇದ್ದುಬಿಡುತ್ತಾರೆ. ಡ್ರೆಸಿಂಗ್ ಬಿಚ್ಚಲು ಮೊದಲು ಅರ್ಧ ಗಂಟೆ ನೀರು ಹಾಕಿ ನೆನೆಸಬೇಕು. ಆ ಹೊತ್ತಿನಲ್ಲೇ ಅವರು ಮಾತಾಡುವುದು. ತಮ್ಮ ನಾಯಿಯ ಬಗ್ಗೆ, ಅಮ್ಮನ ಅಡುಗೆ ಬಗ್ಗೆ. ಕಾಲು ಕತ್ತರಿಸಬೇಕಾದವರೂ ಇದ್ದಾರೆ. ಮೆಡೆಟೊಮಿಡಿನ್ ಬಂದ ಮೇಲೆ ಹೊಸ ಗಾಯ ಕಮ್ಮಿ ಅನ್ನಿಸುತ್ತದೆ, ಇದು ನಾನು ಕಂಡದ್ದು ಅಷ್ಟೇ.

ಹಳೇಬೇರು

ಎಲ್ಲ ಸರಿ. ಆದರೆ ಒಂದು ಮಾತು ಹೇಳಿದರೆ ಬೇಜಾರು ಮಾಡ್ಕೋಬೇಡಿ. ಯಾರೂ ಇವರ ಬಾಯಿಗೆ ಹಾಕಲಿಲ್ಲ. ವಿಷ ಅಂತ ಗೊತ್ತಿದ್ದೂ ತಗೊಳ್ತಾರೆ. ಸರ್ಕಾರ ಪುಕ್ಕಟೆ ನಲೋಕ್ಸೋನ್ ಕೊಟ್ಟು ಎಬ್ಬಿಸುತ್ತದೆ, ಸಂಜೆಗೆ ಮತ್ತೆ ಅಲ್ಲೇ. ಸುಮ್ನೆ ತೆರಿಗೆ ಕಟ್ಟುವವರ ದುಡ್ಡು ಹಾಳು ಅಲ್ವಾ? ಸಿಂಗಪುರದ ಥರ ಬಿಗಿ ಕಾನೂನು ಮಾಡಿ, ಮಾರುವವನನ್ನು ಹಿಡಿಯಿರಿ, ತಾನಾಗಿ ನಿಲ್ಲುತ್ತದೆ.

ಮನೋಕಾರ್ಯಕರ್ತೆ

ಹಳೇಬೇರು ಅವರೇ, ಬೇಜಾರೇನಿಲ್ಲ. ಬೆಂಗಳೂರಿನಲ್ಲಿ ವ್ಯಸನ ಬಿಡಿಸುವ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಈ ಪ್ರಶ್ನೆ ಕೇಳದ ಮನೆಯವರೇ ಇಲ್ಲ.

ಅಮೆರಿಕ ಬಿಡಿ, ನಮ್ಮದೇ ಉದಾಹರಣೆ ತಗೊಳ್ಳಿ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ಕಳ್ಳಭಟ್ಟಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಅವರು ದುಡ್ಡು ಕೊಟ್ಟದ್ದು ಸಾರಾಯಿಗೆ. ಒಳಗಿದ್ದದ್ದು ಮೆಥನಾಲ್. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್ ಆಯಿತು. ಒಂದು ವರ್ಷ ತುಂಬುವ ಮೊದಲು, 2008ರ ಮೇನಲ್ಲಿ, ಬೆಂಗಳೂರು, ಕೋಲಾರ ಕಡೆ ಮತ್ತು ಗಡಿಯಾಚೆ ಕೃಷ್ಣಗಿರಿಯಲ್ಲಿ ಕಳ್ಳಭಟ್ಟಿಗೆ ಒಟ್ಟು 150ಕ್ಕೂ ಹೆಚ್ಚು ಜನ ಹೋದರು. ಕಣ್ಣು ಕಳೆದುಕೊಂಡವರು ಬೇರೆ. ಬಹುಪಾಲು ಕೂಲಿಯವರು.

ಸಾರಾಯಿ ಬಂದ್ ಮಾಡಿದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ಹಳ್ಳಿ ಹೆಂಗಸರು ಬೀದಿಗಿಳಿದು ಹೋರಾಡಿದ್ದು ನನಗೆ ನೆನಪಿದೆ, ಅವರ ಕಷ್ಟ ಸುಳ್ಳಲ್ಲ. ಆದರೆ ಕುಡಿಯುವವನು ಹಾಗೇ ಉಳಿದು, ಅಂಗಡಿ ಮಾತ್ರ ಮುಚ್ಚಿದಾಗ ಪೊಟ್ಟಣದೊಳಗೆ ಏನು ಹಾಕಬೇಕು ಅಂತ ನಿರ್ಧರಿಸುವವನು ಬದಲಾಗುತ್ತಾನೆ. ಅವನಿಗೆ ಲೈಸೆನ್ಸ್ ಇಲ್ಲ, ಲೇಬಲ್ ಇಲ್ಲ, ಯಾರೂ ಬಂದು ಸ್ಯಾಂಪಲ್ ತೆಗೆಯುವುದಿಲ್ಲ.

ಹಳೇಬೇರು

ಹಾಗಾದರೆ ಕಾನೂನೇ ಬೇಡ ಅಂತೀರಾ? ಎಲ್ಲ ಅಂಗಡಿಯಲ್ಲಿ ಇಟ್ಟು ಮಾರೋಣವೇ?

ಮೋಡಕವಿದ ಊರು

ವ್ಯಾಂಕೂವರ್‌ನಿಂದ. ನಮ್ಮ ಪ್ರಾಂತ್ಯ ಬ್ರಿಟಿಷ್ ಕೊಲಂಬಿಯಾ ಈ ಪ್ರಶ್ನೆಗೆ ಹತ್ತು ವರ್ಷದಿಂದ ಉತ್ತರ ಹುಡುಕುತ್ತಿದೆ. 2016ರ ಏಪ್ರಿಲ್‌ನಲ್ಲಿ ಸಾರ್ವಜನಿಕ ಆರೋಗ್ಯ ತುರ್ತು ಸ್ಥಿತಿ ಘೋಷಿಸಿದರು. 2023ರಲ್ಲಿ ಸತ್ತವರು 2,500ಕ್ಕೂ ಹೆಚ್ಚು. ಅದೇ ವರ್ಷ ಜನವರಿ ಕೊನೆಗೆ ಸ್ವಂತಕ್ಕೆ ಸ್ವಲ್ಪ ಇಟ್ಟುಕೊಂಡರೆ ಕೇಸ್ ಇಲ್ಲ ಅನ್ನುವ ಪ್ರಯೋಗ ಶುರುವಾಯಿತು. ಆಸ್ಪತ್ರೆ, ಪಾರ್ಕ್, ಬಸ್ ಸ್ಟಾಪ್‌ಗಳಲ್ಲಿ ಎಳೆಯುತ್ತಾರೆ ಅಂತ ದೂರು ಬಂತು. 2024ರ ಮೇನಲ್ಲಿ ಸಾರ್ವಜನಿಕ ಜಾಗಕ್ಕೆ ಕೇಸ್ ವಾಪಸ್ ತಂದರು. ಎರಡೂ ಕಡೆಯವರು ಈಗಲೂ ಕಿರುಚುತ್ತಲೇ ಇದ್ದಾರೆ. ಹಾಗಾಗಿ ಸುಲಭದ ಉತ್ತರ ಇದೆ ಅನ್ನುವವರನ್ನು ನಾನು ನಂಬುವುದಿಲ್ಲ, ಯಾವ ಕಡೆಯವರಾದರೂ ಸರಿ.

ಒಂದು ಮಾತ್ರ ನೋಡಿದ್ದೇನೆ. ಇಲ್ಲಿ ಇನ್‌ಸೈಟ್ ಅಂತ ಒಂದು ಜಾಗ ಇದೆ, 2003ರಿಂದ. ನರ್ಸ್ ಕಣ್ಣೆದುರು ಚುಚ್ಚಿಕೊಳ್ಳುತ್ತಾರೆ. ಓವರ್‌ಡೋಸ್ ಸಾವಿರಾರು ಆಗಿವೆ, ಒಳಗೆ ಅದರಿಂದ ಸಾವು ಆಗಿಲ್ಲ. ಮಾಲು ಹೊರಗಿನದೇ, ಅದೇ ಕಲಬೆರಕೆ. ವ್ಯತ್ಯಾಸ ಏನಪ್ಪಾ ಅಂದರೆ ಪಕ್ಕದಲ್ಲಿ ಒಬ್ಬರು ಇದ್ದಾರೆ, ಆಕ್ಸಿಜನ್ ಇದೆ.

ಇಲ್ಲಿ ಬೆರೆಸುವುದು ಬೇರೆ. ನಿದ್ದೆ ಮಾತ್ರೆ ಜಾತಿಯ ಬೆಂಜೊಗಳು, ಎಟಿಜೋಲಮ್, ಬ್ರೋಮಜೋಲಮ್ ಇಂಥವು. 'ಬೆಂಜೊ ಡೋಪ್' ಅಂತಾರೆ. ಅದಕ್ಕೂ ನಲೋಕ್ಸೋನ್ ನಾಟುವುದಿಲ್ಲ. ಎದ್ದ ಮೇಲೂ ಗಂಟೆಗಟ್ಟಲೆ ಏನಾಯಿತು ಅಂತ ನೆನಪಿರುವುದಿಲ್ಲ. ಜೇಬು ಖಾಲಿ ಆಗಿರುತ್ತದೆ, ಹೆಂಗಸರಿಗೆ ಅದಕ್ಕಿಂತ ಕೆಟ್ಟದ್ದು ಆಗಿರುತ್ತದೆ.

ಮಂಡ್ಯದಪ್ಪ

ನರ್ಸಕ್ಕ, ನನ್ನ ಮಗ ಎಂಎಸ್ ಮಾಡಲು ಅರಿಜೋನಾಗೆ ಹೊರಟಿದ್ದಾನೆ. ಈ ಚರ್ಚೆ ಓದಿ ನಿದ್ದೆ ಬರಲಿಲ್ಲ. ಅವನು ಸೂಜಿ ಗೀಜಿ ಮುಟ್ಟುವವನಲ್ಲ, ಬಿಯರ್ ಕುಡಿದರೆ ಹೆಚ್ಚು. ಅವನಿಗೂ ಇದಕ್ಕೂ ಸಂಬಂಧ ಇದೆಯಾ? ಇನ್ನೊಂದು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಅಮೆರಿಕದಲ್ಲಿ ನೆಲದ ಮೇಲೆ ಮಡಚಿದ ಡಾಲರ್ ನೋಟು ಬಿದ್ದಿದ್ದರೆ ಮುಟ್ಟಬೇಡಿ, ಫೆಂಟನಿಲ್ ಸವರಿರುತ್ತಾರೆ, ಕೈ ಸೋಕಿದರೆ ಸಾವು ಅಂತ. ನಿಜವಾ?

ತುಂಗಾತೀರದ ನರ್ಸ್

ಎರಡನೆಯದು ಮೊದಲು ಹೇಳಿಬಿಡುತ್ತೇನೆ ಸರ್. ಸುಳ್ಳು. ಒಣ ಪುಡಿ ಚರ್ಮಕ್ಕೆ ತಾಗಿದರೆ ಓವರ್‌ಡೋಸ್ ಆಗುವುದಿಲ್ಲ. 2017ರಲ್ಲೇ ಅಮೆರಿಕದ ವಿಷವೈದ್ಯರ ಸಂಘಗಳು ಇದನ್ನು ಬರೆದು ಹೇಳಿವೆ. ಫೆಂಟನಿಲ್ ಪ್ಯಾಚ್ ಅಂತ ಇದೆ, ಕ್ಯಾನ್ಸರ್ ರೋಗಿಗಳಿಗೆ ಚರ್ಮಕ್ಕೆ ಅಂಟಿಸುವುದು. ಅಷ್ಟು ಜಾಣತನದಿಂದ ತಯಾರಿಸಿದ ಪ್ಯಾಚ್‌ನಿಂದಲೂ ಮದ್ದು ಮೈಗೆ ಇಳಿಯಲು ಗಂಟೆಗಳು ಬೇಕು. ಕೈಗೆ ಪುಡಿ ತಾಗಿದರೆ ನೀರು, ಸೋಪಿನಲ್ಲಿ ತೊಳೆದರಾಯಿತು. ಈ ಮೆಸೇಜ್ ಬರೀ ತಮಾಷೆ ಆಗಿದ್ದರೆ ಬಿಡುತ್ತಿದ್ದೆ. ಇದನ್ನು ನಂಬಿದವರು ಉಸಿರು ನಿಂತವನನ್ನು ಮುಟ್ಟಲು ಹೆದರುತ್ತಾರೆ. ಆ ಹೆದರಿಕೆಗೇ ಜೀವ ಹೋಗುತ್ತದೆ. ಗುಂಪಿನಲ್ಲಿ ಹೇಳಿಬಿಡಿ.

ಮಗನ ವಿಷಯ. ಸೂಜಿ ಮುಟ್ಟದವರಿಗೂ ಸಂಬಂಧ ಇದೆ, ಮಾತ್ರೆಯ ಮೂಲಕ. ಪರೀಕ್ಷೆ ಹತ್ತಿರ ಬಂದಾಗ ನಿದ್ದೆ ಬಾರದಂತೆ ಆಡರಾಲ್, ಆತಂಕಕ್ಕೆ ಜ್ಯಾನಾಕ್ಸ್, ಬೆನ್ನು ನೋವಿಗೆ ಆಕ್ಸಿಕೊಡೋನ್ ಅಂತ ಗೆಳೆಯರು ಕೈಗೆ ಕೊಡುತ್ತಾರೆ, ಇಲ್ಲ ಫೋನಿನಲ್ಲಿ ಯಾರೋ ಮಾರುತ್ತಾರೆ. ನೋಡಲು ಥೇಟ್ ಕಂಪನಿ ಮಾತ್ರೆ. ನೀಲಿ ಬಣ್ಣ, ಒಂದು ಕಡೆ ಚೌಕದೊಳಗೆ 'ಎಂ', ಇನ್ನೊಂದು ಕಡೆ 30. ಒಳಗೆ ಫೆಂಟನಿಲ್. 2023ರಲ್ಲಿ ಡಿಇಎ ಪರೀಕ್ಷಿಸಿದ ಫೆಂಟನಿಲ್ ಬೆರೆತ ನಕಲಿ ಮಾತ್ರೆಗಳಲ್ಲಿ ಹತ್ತಕ್ಕೆ ಏಳರಲ್ಲಿ ಜೀವ ತೆಗೆಯಬಲ್ಲ ಪ್ರಮಾಣ ಇತ್ತು.

ಹತ್ತಕ್ಕೆ ಏಳು ಯಾಕೆ, ಹತ್ತಕ್ಕೆ ಹತ್ತು ಯಾಕಲ್ಲ ಅಂದರೆ, ಬೆರೆಸುವವನ ಹತ್ತಿರ ಕಾರ್ಖಾನೆಯ ಯಂತ್ರ ಇಲ್ಲ. ಉಪ್ಪಿಟ್ಟಿಗೆ ಉಪ್ಪು ಸರಿಯಾಗಿ ಕದಡದಿದ್ದರೆ ಒಂದು ತುತ್ತು ಸಪ್ಪೆ, ಇನ್ನೊಂದು ಬಾಯಿಗಿಡಲಾಗದಷ್ಟು ಉಪ್ಪು, ಹಾಗೆ. ಒಂದೇ ಪೊಟ್ಟಣದ ಎರಡು ಮಾತ್ರೆಯಲ್ಲಿ ಗೆಳೆಯ ತಿಂದದ್ದರಲ್ಲಿ ಏನೂ ಇರದೆ, ನಿಮ್ಮ ಮಗ ತಿಂದದ್ದರಲ್ಲಿ 2 ಮಿಲಿಗ್ರಾಂ ಇರಬಹುದು. ಅಭ್ಯಾಸ ಇಲ್ಲದವನಿಗೆ ಅಷ್ಟು ಸಾಕು.

'ಡ್ರಗ್ಸ್ ಮುಟ್ಟಬೇಡ' ಅಂತ ನೀವು ಹೇಳಿಯೇ ಇರುತ್ತೀರಿ. ಇದನ್ನು ಬೇರೆಯಾಗಿ ಹೇಳಿ: ಫಾರ್ಮಸಿಯ ಚೀಟಿ ಅಂಟಿಸಿದ, ನಿನ್ನ ಹೆಸರಿರುವ ಡಬ್ಬಿಯಿಂದ ಬಾರದ ಮಾತ್ರೆ ಯಾವುದನ್ನೂ ನುಂಗಬೇಡ, ರೂಮ್‌ಮೇಟ್ ಕೊಟ್ಟರೂ ಸರಿ. ಮಕ್ಕಳಿಗೆ ಮಾತ್ರೆ ಡ್ರಗ್ಸ್ ಅಂತ ಅನ್ನಿಸುವುದೇ ಇಲ್ಲ, ಅದೇ ತೊಂದರೆ.

ಲಿಫಿ ದಂಡೆ

ಡಬ್ಲಿನ್‌ನಲ್ಲಿ ನರ್ಸ್, ಊರು ಮಂಗಳೂರು. ಯುರೋಪಿನಲ್ಲಿ ಫೆಂಟನಿಲ್ ಅಷ್ಟಿಲ್ಲ ಅಂತ ನಾವು ಸಮಾಧಾನದಲ್ಲಿ ಇದ್ದೆವು. 2023ರ ನವೆಂಬರ್‌ನಲ್ಲಿ ಒಂದೇ ವಾರಾಂತ್ಯ ಆಂಬುಲೆನ್ಸ್ ಮೇಲೆ ಆಂಬುಲೆನ್ಸ್. ಕೆಲವು ದಿನಗಳಲ್ಲೇ ನಗರದಲ್ಲಿ ಐವತ್ತಕ್ಕೂ ಹೆಚ್ಚು ಓವರ್‌ಡೋಸ್. ಮುಂದಿನ ತಿಂಗಳು ಕಾರ್ಕ್‌ನಲ್ಲೂ ಅದೇ. ಹೆರಾಯಿನ್ ಅಂತ ಮಾರಿದ ಪುಡಿಯಲ್ಲಿ ಸಿಕ್ಕಿದ್ದು ನಿಟಜೀನ್.

ಇದರ ಹುಟ್ಟು ಕೇಳಿದರೆ ಆಶ್ಚರ್ಯ. 1950ರ ದಶಕದ ಕೊನೆಗೆ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿ ನೋವಿಗೆ ಅಂತ ತಯಾರಿಸಿ, ಬಹಳ ಅಪಾಯ ಅಂತ ಮಾರುಕಟ್ಟೆಗೆ ತರದೆ ಬಿಟ್ಟದ್ದು. ಅರವತ್ತು ವರ್ಷ ಹಳೆಯ ಪೇಪರುಗಳಲ್ಲಿ ಮಲಗಿತ್ತು. 2019ರಿಂದ ಬೀದಿಯಲ್ಲಿ ಎದ್ದು ಬಂತು. ಅದಾದ ಮೇಲೆ 2022ರಲ್ಲಿ ತಾಲಿಬಾನ್ ಅಫ್ಘಾನಿಸ್ತಾನದಲ್ಲಿ ಗಸಗಸೆ ಬೆಳೆ ನಿಷೇಧಿಸಿತು. ಹೆರಾಯಿನ್ ಕಮ್ಮಿಯಾದರೆ ಆ ಜಾಗ ತುಂಬಲು ಇದು ಕಾದು ಕೂತಿದೆ ಅನ್ನುವುದು ಇಲ್ಲಿನವರ ಭಯ. ಬ್ರಿಟನ್ನಿನಲ್ಲಿ 2023ರ ಜೂನ್‌ನಿಂದ 2025ರ ಜನವರಿವರೆಗೆ ಸುಮಾರು 400 ಸಾವು ಇದಕ್ಕೆ ಸಂಬಂಧಿಸಿದ್ದು ಅಂತ ಅಲ್ಲಿನ ಅಪರಾಧ ತನಿಖಾ ಸಂಸ್ಥೆ ಎನ್‌ಸಿಎ ಹೇಳಿದೆ.

ಒಳ್ಳೆಯ ಸುದ್ದಿ ಒಂದೇ. ನಿಟಜೀನ್ ಕೂಡ ಹೆರಾಯಿನ್, ಫೆಂಟನಿಲ್ ಥರ ಓಪಿಯಾಯ್ಡ್ ಜಾತಿಯದ್ದೇ. ನಲೋಕ್ಸೋನ್ ಕೆಲಸ ಮಾಡುತ್ತದೆ, ಕೆಲವೊಮ್ಮೆ ಎರಡು ಮೂರು ಸಲ ಕೊಡಬೇಕು, ಅಷ್ಟೇ.

ಔಷಧಿ ಅಂಗಡಿ, ಹುಬ್ಬಳ್ಳಿ

ಎಲ್ಲಾರೂ ಹೊರದೇಶದ ಕಥಿ ಹೇಳಾಕತ್ತೀರಿ, ನಮ್ಮ ಕೌಂಟರಿನ ಕಥೆ ಸ್ವಲ್ಪ ಕೇಳಿ.

2018ರ ಏಪ್ರಿಲ್‌ನಲ್ಲಿ ನೋವಿನ ಮಾತ್ರೆ ಟ್ರಮಡಾಲ್ ಅನ್ನು ಮಾದಕವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಗೆ ಸೇರಿಸಿದರು. ಸರಿ, ರಿಜಿಸ್ಟರ್, ಲೆಕ್ಕ ಎಲ್ಲ ಬಿಗಿಯಾಯಿತು. ಆಮೇಲೆ ಹುಡುಗರು ಬಂದು ಕೇಳಲು ಶುರು ಮಾಡಿದ್ದು ಅದೇ ಥರದ ಇನ್ನೊಂದು ನೋವಿನ ಮಾತ್ರೆ, ಟಪೆಂಟಡಾಲ್. ಅದು ಎನ್‌ಡಿಪಿಎಸ್ ಒಳಗೆ ಬಂದಿರಲಿಲ್ಲ. ಚೀಟಿ ಬೇಕೇ ಬೇಕು, ಆದರೆ ಚೀಟಿಗೇನು. ಒಂದೇ ಚೀಟಿ ಮಡಚಿ ಮಡಚಿ ಮಡಿಕೆಯಲ್ಲಿ ಹರಿದು ಹೋಗಿರುತ್ತದೆ, ತಾರೀಖಿನ ಮೇಲೆ ಪೆನ್ನು ಓಡಾಡಿರುತ್ತದೆ. 'ಅಜ್ಜಿಗೆ ಮೊಣಕಾಲು ನೋವು ರೀ ಅಣ್ಣಾ' ಅಂತಾನೆ. ಅಜ್ಜಿಯನ್ನೇ ಕರೆದುಕೊಂಡು ಬಾ ಅಂದರೆ ಬೈಕ್ ಹತ್ತಿ ಮುಂದಿನ ಅಂಗಡಿ. ಇದನ್ನು ಪುಡಿ ಮಾಡಿ ನೀರಲ್ಲಿ ಕಲಸಿ ಚುಚ್ಚಿಕೊಳ್ಳುತ್ತಾರೆ. ಮಾತ್ರೆ ಗಟ್ಟಿಯಾಗಿರಲಿ ಅಂತ ಹಾಕಿರುವ ಟಾಲ್ಕ್, ಪಿಷ್ಟ ಎಲ್ಲ ರಕ್ತನಾಳಕ್ಕೆ. ಇಲ್ಲಿ ಯಾರೂ ಕಲಬೆರಕೆ ಮಾಡಬೇಕಾಗಿಲ್ಲ, ಕಂಪನಿಯ ಅಸಲಿ ಮಾತ್ರೆಯೇ ನರಕ್ಕೆ ಹೋದರೆ ಕಲಬೆರಕೆ.

ಇನ್ನೊಂದು, ನಮ್ಮ ವ್ಯಾಪಾರದವರು ತಲೆ ತಗ್ಗಿಸಬೇಕಾದ ವಿಷಯ. ಟಪೆಂಟಡಾಲ್ ಜೊತೆ ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಸೇರಿಸಿದ ಮಾತ್ರೆ ನಮ್ಮ ದೇಶದಿಂದ ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಘಾನಾ, ನೈಜೀರಿಯಾ, ಐವರಿ ಕೋಸ್ಟ್ ಬೀದಿಯಲ್ಲಿ ಮಾರಾಟ ಆಗುತ್ತಿತ್ತು. 2025ರ ಫೆಬ್ರುವರಿಯಲ್ಲಿ ಬಿಬಿಸಿ ಅದನ್ನು ಬಯಲು ಮಾಡಿತು. ಆಮೇಲೆ ಕೇಂದ್ರ ಸರ್ಕಾರ ಆ ಜೋಡಿ ಮಾತ್ರೆಯ ತಯಾರಿಕೆ, ರಫ್ತಿನ ಅನುಮತಿ ಹಿಂಪಡೆಯಲು ಆದೇಶ ಮಾಡಿತು. ಅಲ್ಲಿನ ತಾಯಂದಿರಿಗೆ 'ಜೈಲಜಿನ್ ಮಾರುವ ಚೀನಾದವನು' ಅಂದರೆ ನಾವೇ.

ಮನೋಕಾರ್ಯಕರ್ತೆ

ಹುಬ್ಬಳ್ಳಿಯವರು ಹೇಳಿದ್ದನ್ನು ನಾನು ಇನ್ನೊಂದು ಕಡೆಯಿಂದ ನೋಡುತ್ತೇನೆ, ಅವರ ಅಂಗಡಿಯಿಂದ ಬರಿಗೈಲಿ ಹೋದ ಹುಡುಗ ನಮ್ಮ ಬೆಂಚಿನ ಮೇಲೆ ಕೂತಿರುತ್ತಾನೆ. 2019ರಲ್ಲಿ ಏಮ್ಸ್ ಮಾಡಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದಲ್ಲಿ ಸುಮಾರು 2 ಕೋಟಿ 26 ಲಕ್ಷ ಜನ ಓಪಿಯಾಯ್ಡ್ ಬಳಸುತ್ತಾರೆ ಅಂತ ಬಂತು. ಇಷ್ಟು ಜನರನ್ನು 'ಪಂಜಾಬಿನ ಸಮಸ್ಯೆ' ಅಂತ ತಳ್ಳಿ ಹಾಕಲು ಆಗುವುದಿಲ್ಲ.

ಬರುವ ಮನೆಯವರು ಹತ್ತು ದಿನ ಒಳಗೆ ಇಟ್ಟು 'ಕ್ಲೀನ್' ಮಾಡಿ ಕೊಡಿ ಅಂತಾರೆ. ಆ ಹತ್ತು ದಿನ ಆದ ಮೇಲೇ ಜಾಸ್ತಿ ಅಪಾಯ, ಇದು ಯಾರಿಗೂ ಗೊತ್ತಿಲ್ಲ. ಮೈಯಿಗೆ ಇದ್ದ ತಡೆದುಕೊಳ್ಳುವ ಶಕ್ತಿ ಇಳಿದಿರುತ್ತದೆ. ಹುಡುಗ ಹೊರಗೆ ಹೋಗಿ ಹಳೇ ಪ್ರಮಾಣವೇ ತಗೊಳ್ತಾನೆ, ಸಾಯ್ತಾನೆ. ಜೈಲಿನಿಂದ ಬಿಟ್ಟ ಮೊದಲ ವಾರಗಳಲ್ಲೂ ಇದೇ. ಬಿಡಿಸಿದರೆ ಸಾಲದು, ಬ್ಯೂಪ್ರಿನಾರ್ಫಿನ್ ಥರದ ಮದ್ದನ್ನು ನಿಯಮಿತವಾಗಿ ಕೊಟ್ಟು ಹಿಡಿದಿಡಬೇಕು. ಏಡ್ಸ್ ನಿಯಂತ್ರಣದ ರಾಷ್ಟ್ರೀಯ ಸಂಸ್ಥೆ ನ್ಯಾಕೊ ನಡೆಸುವ ಕೇಂದ್ರಗಳಲ್ಲಿ ನಾಲಿಗೆ ಕೆಳಗೆ ಇಡುವ ಈ ಮಾತ್ರೆಯನ್ನು ಪುಕ್ಕಟೆ ಕೊಡುತ್ತಾರೆ. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ. ಮಾತಾಡಿಕೊಳ್ಳಲು ಕೇಂದ್ರ ಸರ್ಕಾರದ ಸಹಾಯವಾಣಿ 14446, ಟೆಲಿ ಮಾನಸ್ 14416.

ಹಳೇಬೇರು ಅವರೇ, 'ಸಂಜೆಗೆ ಮತ್ತೆ ಅಲ್ಲೇ' ಅಂದಿರಲ್ಲ. ಹೌದು, ಎಷ್ಟೋ ಸಲ ಅಲ್ಲೇ. ನಮ್ಮಲ್ಲಿ ಈಗ ಕೌನ್ಸೆಲಿಂಗ್ ಮಾಡುವವರೊಬ್ಬರು ಆ ಥರ ಎಷ್ಟೋ ಸಲ ಎದ್ದು ಬಂದವರೇ.

ಹಳೇಬೇರು

ಸರಿ ಮೇಡಂ. ಮಾರುವವನ ಮೇಲೆ ನನ್ನ ಸಿಟ್ಟು ಹಾಗೇ ಇದೆ. ನಲೋಕ್ಸೋನ್ ವಿಷಯದಲ್ಲಿ ವಾದ ಬೆಳೆಸುವುದಿಲ್ಲ. ಆದರೆ ಅದು ಜೈಲಜಿನ್‌ಗೆ, ಮೆಡೆಟೊಮಿಡಿನ್‌ಗೆ ನಾಟುವುದೇ ಇಲ್ಲ ಅಂದ ಮೇಲೆ ಕೊಟ್ಟು ಏನು ಪ್ರಯೋಜನ?

ತುಂಗಾತೀರದ ನರ್ಸ್

ಈ ಪ್ರಶ್ನೆಗಾಗಿ ಕಾಯುತ್ತಿದ್ದೆ. ಉಸಿರು ನಿಲ್ಲಿಸುವ ದೊಡ್ಡ ಕೈ ಫೆಂಟನಿಲ್‌ದು. ಅದನ್ನು ನಲೋಕ್ಸೋನ್ ತೆಗೆಯುತ್ತದೆ. ಉಳಿದ ಮದ್ದಿನಿಂದ ಮನುಷ್ಯ ಮಲಗಿಯೇ ಇರಬಹುದು. ಮಲಗಲಿ ಬಿಡಿ. ನೋಡಬೇಕಾದ್ದು ಎದೆ ಏಳುತ್ತಿದೆಯಾ, ತುಟಿಯ ನೀಲಿ ಬಣ್ಣ ಹೋಗುತ್ತಿದೆಯಾ ಅಂತ. ಜನ ತಪ್ಪುವುದು ಇಲ್ಲೇ. ಕಣ್ಣು ಬಿಡಲಿಲ್ಲ ಅಂತ ಮೂಗಿಗೆ ಒಂದರ ಮೇಲೊಂದು ನಲೋಕ್ಸೋನ್ ಸ್ಪ್ರೇ ಹೊಡೆಯುತ್ತಾರೆ. ಆಮೇಲೆ ಅವನು ವಾಂತಿ ಮಾಡಿಕೊಂಡು, ಅದು ಶ್ವಾಸಕೋಶಕ್ಕೆ ಹೋಗಿ ನಮ್ಮ ಹತ್ತಿರ ಬರುತ್ತಾನೆ. ನ್ಯೂಯಾರ್ಕ್ ರಾಜ್ಯದ ಪೊಲೀಸರು 4 ಮಿಲಿಗ್ರಾಂ ಸ್ಪ್ರೇ ಮತ್ತು 8 ಮಿಲಿಗ್ರಾಂ ಸ್ಪ್ರೇ ಎರಡನ್ನೂ ಬಳಸಿ ನೋಡಿದರು. ಬದುಕಿದವರ ಪ್ರಮಾಣ ಒಂದೇ. 8ರದ್ದರಲ್ಲಿ ವಾಂತಿ, ಸಂಕಟ ಜಾಸ್ತಿ.

ಎದುರಿಗೆ ಯಾರಾದರೂ ಹಾಗೆ ಬಿದ್ದಿದ್ದರೆ ಭುಜ ಅಲ್ಲಾಡಿಸಿ, ಎದೆಮೂಳೆ ಮೇಲೆ ಗೆಣ್ಣಿನಿಂದ ಗಟ್ಟಿಯಾಗಿ ಉಜ್ಜಿ. ಏಳಲಿಲ್ಲ, ಉಸಿರು ಗೊರಗೊರ ಅನ್ನುತ್ತಿದೆ ಅಥವಾ ಇಲ್ಲವೇ ಇಲ್ಲ ಅಂದರೆ 911ಕ್ಕೆ ಫೋನ್ ಮಾಡಿ. ಊರಲ್ಲಾದರೆ 108. ಒಂದು ಮೂಗಿನ ಹೊಳ್ಳೆಗೆ ಸ್ಪ್ರೇ. ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, ಐದು ಸೆಕೆಂಡಿಗೊಂದು ಸಲ ಬಾಯಿಯಿಂದ ಉಸಿರು ಕೊಡುತ್ತಾ ಇರಿ. ಎರಡು ಮೂರು ನಿಮಿಷಕ್ಕೂ ಸ್ವಂತ ಉಸಿರು ಬರದಿದ್ದರೆ ಇನ್ನೊಂದು ಸ್ಪ್ರೇ. ಉಸಿರು ಬಂತೋ, ಪಕ್ಕಕ್ಕೆ ಮಗ್ಗುಲು ಮಾಡಿ ಮಲಗಿಸಿ, ಬಿಟ್ಟು ಹೋಗಬೇಡಿ. ಸ್ಪ್ರೇಯ ಬಲ ಇಳಿದ ಮೇಲೆ ಮತ್ತೆ ಉಸಿರು ನಿಲ್ಲಬಹುದು. ಪೊಲೀಸ್ ಕೇಸ್ ಭಯಕ್ಕೆ ಫೋನ್ ಮಾಡದೆ ಓಡುವವರು ಬಹಳ. ಇಲ್ಲಿ 2014ರಿಂದ ಅದಕ್ಕೆ ಕಾನೂನಿನ ರಕ್ಷಣೆ ಇದೆ, ಫೋನ್ ಮಾಡಿ ಜೊತೆಗೆ ನಿಂತವರ ಮೇಲೆ ಸಣ್ಣಪುಟ್ಟ ಡ್ರಗ್ ಕೇಸ್ ಹಾಕುವುದಿಲ್ಲ.

ಅಮೆರಿಕದ ಒಟ್ಟು ಓವರ್‌ಡೋಸ್ ಸಾವು 2023ರಲ್ಲಿ ಸುಮಾರು 1 ಲಕ್ಷ 10 ಸಾವಿರ ಇದ್ದದ್ದು 2024ರಲ್ಲಿ 80 ಸಾವಿರದ ಹತ್ತಿರ ಇಳಿಯಿತು. ಯಾಕೆ ಅಂತ ಜಗಳ ನಡೆಯುತ್ತಲೇ ಇದೆ. ನಲೋಕ್ಸೋನ್ ಎಲ್ಲ ಕಡೆ ಸಿಕ್ಕಿದ್ದೂ ಒಂದು ಕಾರಣ ಅನ್ನುವುದರಲ್ಲಿ ನನಗೆ ಅನುಮಾನ ಇಲ್ಲ.

ಮೋಡಕವಿದ ಊರು

ಮಾಲಿನಲ್ಲಿ ಏನು ಬೆರೆತಿದೆ ಅಂತ ನೋಡುವ ಪರೀಕ್ಷೆ ಪಟ್ಟಿಯ (ಸ್ಟ್ರಿಪ್) ಬಗ್ಗೆ ಒಂದು ಸಾಲು ಸೇರಿಸುತ್ತೇನೆ. ಇಲ್ಲಿ ಪುಕ್ಕಟೆ ಕೊಡುವ ಫೆಂಟನಿಲ್ ಸ್ಟ್ರಿಪ್‌ನಲ್ಲಿ ಒಂದು ಗೆರೆ ಬಂದರೆ ಫೆಂಟನಿಲ್ ಇದೆ ಅಂತ, ಎರಡು ಗೆರೆ ಬಂದರೆ ಇಲ್ಲ ಅಂತ. ಕೋವಿಡ್ ಕಿಟ್‌ಗೆ ಪೂರ್ತಿ ಉಲ್ಟಾ. ಎರಡು ಗೆರೆ ನೋಡಿ ಗಾಬರಿಯಾದವರು ಪರವಾಗಿಲ್ಲ, ಒಂದು ಗೆರೆ ನೋಡಿ ನಿರಾಳವಾದವರ ಗತಿ ಯೋಚಿಸಿ. ಎಷ್ಟು ಇದೆ ಅಂತ ಅದು ಹೇಳುವುದಿಲ್ಲ. ನಿಟಜೀನ್, ಜೈಲಜಿನ್‌ಗೆ ಬೇರೆ ಬೇರೆ ಪಟ್ಟಿ ಬೇಕು. ಪಟ್ಟಿ ತಯಾರಾಗುವ ಹೊತ್ತಿಗೆ ಪೊಟ್ಟಣದಲ್ಲಿ ಇನ್ನೇನೋ ಬಂದಿರುತ್ತದೆ.

ಗೋವೈದ್ಯ, ಹಾಸನ

ನಮ್ಮ ಇಲಾಖೆಯ ಗುಂಪಿನಲ್ಲಿ ಈ ಚರ್ಚೆ ಹಂಚಿದೆ. ಜೈಲಜಿನ್ ದಾಸ್ತಾನಿಗೆ ಬೀಗ, ರಿಜಿಸ್ಟರ್ ಇಡೋಣ ಅಂತ ಇಬ್ಬರು ಹೇಳಿದರು. ಮೂರನೆಯವರು 'ನಮ್ಮೂರಲ್ಲಿ ಯಾರ್ರೀ ಕದೀತಾರೆ' ಅಂದರು. ಹುಬ್ಬಳ್ಳಿಯವರೇ, ಒಂದು ಪ್ರಶ್ನೆ: ನಲೋಕ್ಸೋನ್ ಸ್ಪ್ರೇ ನಮ್ಮಲ್ಲಿ ಅಂಗಡಿಯಲ್ಲಿ ಸಿಗುತ್ತದಾ?

ಔಷಧಿ ಅಂಗಡಿ, ಹುಬ್ಬಳ್ಳಿ

ನನ್ನ ಕೌಂಟರಿನಲ್ಲಿ ಸ್ಪ್ರೇ ಮಾರಿದ್ದಿಲ್ಲ ಸರ್. ಇಂಜೆಕ್ಷನ್ ಇದೆ, ಚೀಟಿ ಬೇಕು, ಬಹುಪಾಲು ಆಸ್ಪತ್ರೆಗೇ ಹೋಗುತ್ತದೆ. ಟಪೆಂಟಡಾಲ್ ಕೇಳಲು ದಿನಾ ಬರುತ್ತಾರೆ. ನಲೋಕ್ಸೋನ್ ಕೇಳಿಕೊಂಡು ಯಾರ ಮನೆಯವರೂ ಬಂದಿಲ್ಲ.

ಮಂಡ್ಯದಪ್ಪ

ಅಕ್ಕ, ಮಗನನ್ನು ಕೂರಿಸಿಕೊಂಡು ಎಲ್ಲ ಓದಿ ಹೇಳಿದೆ. ಮೊದಲು ನಕ್ಕ. ಮಾತ್ರೆ ವಿಷಯ ಬಂದಾಗ ಸುಮ್ಮನಾದ. ಅವನ ಸೀನಿಯರ್ ಒಬ್ಬ ಪರೀಕ್ಷೆ ಟೈಮಲ್ಲಿ 'ಎಲ್ಲರೂ ತಗೋತಾರೆ' ಅಂತ ಹೇಳಿದ್ದನಂತೆ. ಅಲ್ಲಿ ಇಳಿದ ತಕ್ಷಣ ಸ್ಪ್ರೇ ತಗೊಂಡು ಇಟ್ಟುಕೊಳ್ಳಲು ಹೇಳಿದ್ದೇನೆ, ಅವನಿಗಲ್ಲದಿದ್ದರೂ ರೂಮಿನಲ್ಲಿ ಇನ್ಯಾರಿಗೋ ಬೇಕಾದೀತು. ಚೀಟಿ ಬೇಕಾ? ಅರಿಜೋನಾ ಬಿಸಿಲಿಗೆ ಕಾರಿನಲ್ಲಿ ಇಟ್ಟರೆ ಕೆಡುತ್ತದಾ?

ತುಂಗಾತೀರದ ನರ್ಸ್

ಚೀಟಿ ಬೇಡ ಸರ್. 2023ರ ಮಾರ್ಚ್‌ನಲ್ಲಿ ಇಲ್ಲಿನ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 4 ಮಿಲಿಗ್ರಾಂ ಸ್ಪ್ರೇಯನ್ನು ಚೀಟಿ ಇಲ್ಲದೆ ಮಾರಲು ಒಪ್ಪಿತು. ಆ ಸೆಪ್ಟೆಂಬರ್‌ನಿಂದ ಅಂಗಡಿಯಲ್ಲಿ ಸಿಗುತ್ತಿದೆ. ಒಂದು ಪೆಟ್ಟಿಗೆಯಲ್ಲಿ ಎರಡು ಇರುತ್ತವೆ, ಶುರುವಿನಲ್ಲಿ ಬೆಲೆ 45 ಡಾಲರ್ ಆಸುಪಾಸು ಇತ್ತು. ದುಡ್ಡು ಕೊಡುವ ಮೊದಲು ಕ್ಯಾಂಪಸ್ಸಿನ ಆರೋಗ್ಯ ಕೇಂದ್ರದಲ್ಲಿ ಕೇಳಲಿ, ಬಹಳ ಕಡೆ ಪುಕ್ಕಟೆ ಕೊಡುತ್ತಾರೆ.

ಅರಿಜೋನಾದ ಕಾರಿನಲ್ಲಿ ಬೇಡ. 40 ಡಿಗ್ರಿ ಮೇಲೆ ಹೋಗಬಾರದು, ಹೆಪ್ಪುಗಟ್ಟಲೂಬಾರದು. ಕಾಲೇಜ್ ಬ್ಯಾಗಿನ ಹೊರಗಿನ ಜೇಬಲ್ಲಿ ಇಡಲಿ, ರೂಮಿನವರಿಗೆ ಎಲ್ಲಿದೆ ಅಂತ ತೋರಿಸಲಿ. ಬಾಗಿಲು ಹಾಕಿಕೊಂಡು ಒಬ್ಬನೇ ಬಿದ್ದವನಿಗೆ ಬ್ಯಾಗಿನಲ್ಲಿರುವ ಸ್ಪ್ರೇ ಕೆಲಸಕ್ಕೆ ಬರುವುದಿಲ್ಲ. ಮತ್ತೆ ಪೆಟ್ಟಿಗೆ ತೆರೆದು 'ಸರಿ ಇದೆಯಾ' ಅಂತ ಒತ್ತಿ ನೋಡಬೇಡ ಅಂತ ಹೇಳಿ. ಒಂದರಲ್ಲಿ ಒಂದೇ ಡೋಸ್, ಒತ್ತಿದರೆ ಮುಗಿಯಿತು. ನಮ್ಮ ವಾರ್ಡಿಗೆ ಬಂದ ಹೊಸ ನರ್ಸ್ ಮೊದಲ ದಿನ ಮಾಡಿದ್ದೇ ಅದು.